ಗಾರೆ ಕೆಂಚಕ್ಕ ಹಾಸಿದ ನೀರು ಕುಡಿಯುವ ನೆಲ

ಬಲು ಹಿಂದೆ, ಈ ಬೇವಿನ ಮರದ ತಾಯಿಮರ ಇನ್ನೂ ಬೀಜವಾಗಿದ್ದ ಕಾಲದಲ್ಲಿ, ಒಂದು ಊರಿತ್ತಂತೆ. ಆ ಊರಿಗೆ ತಗ್ಗಿನಹಟ್ಟಿ ಎಂದು ಹೆಸರಂತೆ. ನಗಬೇಡಿ. ನೀವು ಕೂತಿರುವುದು ಅದೇ ಊರಿನ ನಡುಮಧ್ಯದಲ್ಲಿ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಆದರೂ ಈ ಕತೆ ಶುರುವಾಗಬೇಕಾದ್ದು ಹೀಗೇ. ನಮ್ಮಜ್ಜಿ ಹೀಗೇ ಶುರುಮಾಡುತ್ತಿದ್ದಳು, ಅವಳಜ್ಜಿಯೂ ಹೀಗೇ ಶುರುಮಾಡುತ್ತಿದ್ದಳಂತೆ. ಕೂರುವ ಮುಂಚೆ ಎಲ್ಲರೂ ಕಾಲು ಒದರಿದಿರಿ ತಾನೇ? ಹೊಳೆಯ ಕಡೆಯಿಂದ ಬಂದವರು ಇನ್ನೊಂದು ಸಲ ಒದರಿ. ಯಾಕೆ ಎಂದು ಆಮೇಲೆ ತಿಳಿಯುತ್ತದೆ.

ಆ ಊರಲ್ಲಿ ಕೆಂಚಕ್ಕ ಎಂಬವಳಿದ್ದಳಂತೆ. ಗಾರೆ ಕೆಂಚಕ್ಕ. ಸುಣ್ಣದ ಕಲ್ಲು ಸುಟ್ಟು, ನೀರು ಹಾಕಿ ಅರಳಿಸಿ, ಎತ್ತು ಕಟ್ಟಿದ ಗಾಣದಲ್ಲಿ ಗಾರೆ ಅರೆದು, ಗೋಡೆಗೆ, ನೆಲಕ್ಕೆ, ಕಣಜಕ್ಕೆ ಮೆತ್ತುವುದು ಅವಳ ಕಸುಬು. ಗಂಡ ತೀರಿದ ಮೇಲೆ ಗಾಣವನ್ನು ಅವಳೇ ನಡೆಸಿದಳು. ಅವಳ ವಿಚಾರವಾಗಿ ಜನ ಏನೇನೋ ಹೇಳುತ್ತಾರೆ. ಅವಳು ಗಾರೆ ಮೆತ್ತಿದ ಕಣಜ ಕಡಿಯಲು ಹೋಗಿ ಇಲಿಗಳು ಹಲ್ಲು ಕಳೆದುಕೊಂಡವಂತೆ. ಆ ಇಲಿಗಳ ಮರಿಗಳೂ ಬೊಚ್ಚುಬಾಯಲ್ಲೇ ಹುಟ್ಟಿದವಂತೆ. ಎಲೆಗೆ ಸುಣ್ಣ ಸವರಿ ಒಂದು ಸಲ ಅಗಿದರೆ ಸಾಕು, ಅದು ಯಾವ ಗುಡ್ಡದ ಕಲ್ಲು, ಎಷ್ಟು ಬೆಂದಿದೆ, ಎಲ್ಲ ಹೇಳಿಬಿಡುತ್ತಿದ್ದಳಂತೆ. ಅವಳಿಗೆ ಕೋಪ ಬಂದರೆ ನೀರು ಹಾಕದೆಯೇ ಸುಣ್ಣ ಕುದಿಯುತ್ತಿತ್ತಂತೆ. ಇದರಲ್ಲಿ ಎಷ್ಟನ್ನು ನಂಬಬೇಕೋ ನೀವೇ ನೋಡಿಕೊಳ್ಳಿ. ಇಲಿಮರಿಗಳ ಮಾತನ್ನು ನಾನೂ ನಂಬುವುದಿಲ್ಲ. ಕೋಪದ ಮಾತನ್ನು ಮಾತ್ರ ನಂಬುತ್ತೇನೆ, ನಮ್ಮ ಮನೆತನದಲ್ಲಿ ಅದು ಇನ್ನೂ ಉಳಿದುಕೊಂಡಿದೆ.

ಊರು ಹೇಗಿತ್ತೆಂದರೆ, ಬೋಗುಣಿಯ ತಳದಲ್ಲಿ ಇಟ್ಟ ಹಾಗೆ. ನಾಲ್ಕು ಕಡೆಯೂ ಏರು. ನಡುವೆ ದನ ನೆರೆಯುವ ಬಯಲು. ಬೆಳಗಾದರೆ ಊರ ದನವೆಲ್ಲ ಅಲ್ಲಿ ಕೂಡಿ, ಅಲ್ಲಿಂದ ಮೇಯಲು ಹೋಗುತ್ತಿದ್ದವು. ಗಾಡಿಗಳು ತಿರುಗುತ್ತಿದ್ದುದೂ ಅಲ್ಲೇ. ಗೊರಸು ತುಳಿದು ತುಳಿದು ಮಣ್ಣು ಹಂಚಿನಷ್ಟು ಗಟ್ಟಿಯಾಗಿತ್ತಂತೆ. ಆ ಬಯಲಿನ ತೀರ ತಗ್ಗು ಮೂಲೆಯಲ್ಲಿ ಬಾವಿ. ಊರಿಗೆಲ್ಲ ಅದೊಂದೇ ಸಿಹಿನೀರು. ಅದು ಬಿಟ್ಟರೆ ಗುಡ್ಡ ದಾಟಿ ಹೊಳೆಗೆ ಹೋಗಬೇಕು, ಬೇಸಗೆಯಲ್ಲಿ ಆ ಹೊಳೆಯೂ ಬರೀ ಮರಳು.

ಮಳೆ ಬಂದರೆ ಏರಿನ ನೀರೆಲ್ಲ ಬಯಲಿಗೆ ಇಳಿಯುತ್ತಿತ್ತಂತೆ. ಗಟ್ಟಿ ಮಣ್ಣು ಒಂದು ಹನಿಯನ್ನೂ ಒಳಗೆ ಬಿಡುತ್ತಿರಲಿಲ್ಲ. ಸಗಣಿ ಗಂಜಲ ಎಲ್ಲ ತೊಳೆದುಕೊಂಡು ನೀರು ಕಂದು ಬಣ್ಣವಾಗಿ ಹೋಗಿ ಬಾವಿಗೆ ಬೀಳುತ್ತಿತ್ತು. ಮೊದಲ ದೊಡ್ಡ ಮಳೆಯಾದ ವಾರದೊಳಗೆ ಊರಲ್ಲಿ ವಾಂತಿಭೇದಿ. ದೊಡ್ಡವರು ಹೇಗೋ ತಡೆದುಕೊಳ್ಳುತ್ತಿದ್ದರು. ಕೂಸುಗಳು ತಡೆಯುತ್ತಿರಲಿಲ್ಲ.

ಊರವರು ಸುಮ್ಮನೆ ಕೂತಿರಲಿಲ್ಲ, ಪಾಪ. ಬಾವಿಯ ಸುತ್ತ ಎತ್ತರದ ಕಟ್ಟೆ ಕಟ್ಟಿ ನೋಡಿದರಂತೆ. ನೀರು ಕಟ್ಟೆಗೆ ಒರಗಿ ನಿಂತು, ಹಿಂದಕ್ಕೆ ತಿರುಗಿ ಮನೆಗಳಿಗೆ ನುಗ್ಗಿ ಮಣ್ಣಿನ ಗೋಡೆಗಳನ್ನು ಬೀಳಿಸಿತಂತೆ. ಕಟ್ಟಿದವರೇ ಕಟ್ಟೆ ಒಡೆದರು. ಆಮೇಲೆ ಬಯಲಿಗೆ ಕಲ್ಲು ಚಪ್ಪಡಿ ಹಾಸಿದರಂತೆ. ಚಪ್ಪಡಿಯ ಮೇಲೆ ನೀರು ಇನ್ನಷ್ಟು ಜೋರಾಗಿ ಓಡಿ ಬಾವಿ ಸೇರಿತು. ದನಗಳನ್ನು ಊರಾಚೆ ಕೂಡಿಹಾಕಿದರು. ತೋಳ ಬಂದು ಕರು ಹೊತ್ತೊಯ್ದವು. ಬರೀ ಜಲ್ಲಿ ಸುರಿದು ನೋಡಿದರು. ಗಾಡಿಯ ಚಕ್ರ ಜಲ್ಲಿಯನ್ನು ಕೆಸರಿಗೆ ಒತ್ತಿ, ಕೆಸರು ಮೇಲೆದ್ದು, ಮತ್ತೆ ಮೊದಲಿನ ಹಾಗೇ ಆಯಿತಂತೆ.

ಕೆಂಚಕ್ಕನಿಗೆ ಒಬ್ಬಳೇ ಮಗಳು, ಬೋರಮ್ಮ. ಊರಲ್ಲೇ ಕೊಟ್ಟಿದ್ದಳು. ಬೋರಮ್ಮನಿಗೆ ಎರಡು ಕೂಸು ಹುಟ್ಟಿದ್ದವು, ಎರಡೂ ಮಳೆಗಾಲದಲ್ಲೇ ಹೋದವು. ಈಗ ಮೂರನೆಯದು ಹೊಟ್ಟೆಯಲ್ಲಿತ್ತು, ಅದೂ ಮಳೆ ಶುರುವಾಗುವ ಹೊತ್ತಿಗೇ ಹುಟ್ಟುವುದಿತ್ತು. ಆ ವರ್ಷ ಊರ ಯಜಮಾನ ಪಾಲಯ್ಯ ಜನರನ್ನೆಲ್ಲ ಕೂಡಿಸಿ, ಈ ಸಲವೂ ಬಾವಿ ಕೆಟ್ಟರೆ ಊರನ್ನೇ ಕಿತ್ತುಕೊಂಡು ಬೇರೆ ಕಡೆ ಹೋಗುವುದು ಎಂದು ಹೇಳಿದನಂತೆ. ಎಲ್ಲಿಗೆ ಎಂದು ಕೇಳಿದರೆ ಅವನಿಗೂ ಗೊತ್ತಿರಲಿಲ್ಲ. ಅವತ್ತು ಮನೆಗೆ ಬಂದ ಬೋರಮ್ಮ ತಾಯಿಯ ಹತ್ತಿರ ಕೂತು, ಅಳಲಿಲ್ಲವಂತೆ, ಗೋಳಾಡಲಿಲ್ಲವಂತೆ.

"ಈ ಕೂಸಿಗೆ ಈಗ್ಲೇ ಹೆಸರು ಹುಡುಕಬ್ಯಾಡ ಕಣವ್ವ," ಅಂದಳಂತೆ. "ಮಳೆ ಕಳೀಲಿ. ಉಳಿದ್ರೆ ಇಡಾನ."

ಈ ಮಾತಿಗೆ ಕೆಂಚಕ್ಕನ ಎದೆ ಒಡೆದೇ ಹೋಯಿತಂತೆ. ಅವತ್ತಿನಿಂದ ಅವಳಿಗೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ.

ಹೀಗಿರುವಾಗ ಒಂದು ದಿನ ಗಾರೆ ಕಲಸಿದ ಬಾಣಲೆ ತೊಳೆದು, ಆ ನೀರನ್ನು ಗಾಣದ ಮೂಲೆಗೆ ಚೆಲ್ಲಿದಳಂತೆ. ಆ ಮೂಲೆಯಲ್ಲಿ ಬೇಡವಾದ ಜಲ್ಲಿಯ ಗುಡ್ಡೆಯಿತ್ತು. ವರ್ಷಗಟ್ಟಲೆ ಬಾಣಲೆ ತೊಳೆದ ತೊಳೆನೀರು ಬಿದ್ದೂ ಬಿದ್ದೂ ಆ ಕಲ್ಲುಗಳಿಗೆಲ್ಲ ತೆಳ್ಳಗೆ ಗಾರೆ ಹತ್ತಿತ್ತು. ಚೆಲ್ಲಿದ ನೀರು ನಿಲ್ಲಲಿಲ್ಲ. ಹರಿಯಲೂ ಇಲ್ಲ. ಮಾಯವಾಯಿತು. ಕೆಂಚಕ್ಕ ಇನ್ನೊಂದು ಕೊಡ ತಂದು ಸುರಿದಳು. ಅದೂ ಮಾಯ. ಗುಡ್ಡೆಯ ಮೇಲೆ ಹತ್ತಿ ನಿಂತಳು. ಕಲ್ಲು ಅಲುಗಲಿಲ್ಲ. ಗಾಣದ ಎತ್ತನ್ನು ಬಿಚ್ಚಿ ತಂದು ಅದರ ಮೇಲೆ ನಿಲ್ಲಿಸಿದಳಂತೆ. ಎತ್ತು ನಿಂತು ಮೆಲುಕು ಹಾಕಿತಂತೆ.

ಮಾರನೆಯ ದಿನ ಅವಳು ಪಾಲಯ್ಯನ ಜಗಲಿಗೆ ಹೋಗಿ, ನೀರಿಗೆ ನಾಲ್ಕು ದಿಕ್ಕಲ್ಲೂ ದಾರಿಯಿಲ್ಲ, ಉಳಿದಿರುವುದು ಕೆಳಗೆ ಹೋಗುವ ದಾರಿ ಒಂದೇ, ಅದನ್ನು ನಾನು ಬಿಡಿಸಿಕೊಡುತ್ತೇನೆ ಎಂದಳಂತೆ. ಬಾವಿಯಿಂದ ದೂರಕ್ಕೆ ಗಟ್ಟಿ ಮಣ್ಣನ್ನು ಅಗೆದು ತೆಗೆಯಿರಿ, ಅಡಿಯಲ್ಲಿ ಸಣ್ಣ ಕಲ್ಲು ಬೆರೆತ ಗರಸುಮಣ್ಣು ಸಿಗುತ್ತದೆ, ಗರಸು ಎಷ್ಟು ನೀರನ್ನಾದರೂ ಸೋಸಿ ಇಂಗಿಸಿಕೊಳ್ಳುತ್ತದೆ, ಅದರ ಮೇಲೆ ಕಲ್ಲು ತುಂಬಿ, ಕಲ್ಲಿನ ಮೇಲೆ ನಾನು ಹಾಸು ಹಾಕುತ್ತೇನೆ ಎಂದಳಂತೆ. ಗಾಡಿ ಹೋಗಬೇಕು, ದನ ನಿಲ್ಲಬೇಕು, ನೀರು ಮಾತ್ರ ಒಳಗಿಳಿಯಬೇಕು, ಅಂಥ ಹಾಸು. ಪಾಲಯ್ಯ ನಕ್ಕನಂತೆ. ನೀರು ಇಳಿಯುವಷ್ಟು ಸಡಿಲವಾಗಿದ್ದರೆ ಗಾಡಿ ಹೇಗೆ ತಡೆಯುತ್ತದೆ, ಗಾಡಿ ತಡೆಯುವಷ್ಟು ಗಟ್ಟಿಯಾಗಿದ್ದರೆ ನೀರು ಹೇಗೆ ಇಳಿಯುತ್ತದೆ ಎಂದು ಕೇಳಿದನಂತೆ. ಅವನು ದಡ್ಡನೇನಲ್ಲ, ಕೇಳಿದ್ದು ಸರಿಯಾಗಿಯೇ ಇತ್ತು. ಆ ಬೇಸಗೆಯೆಲ್ಲ ಕೆಂಚಕ್ಕ ಹೊಡೆದಾಡಿದ್ದು ಇದೊಂದು ಪ್ರಶ್ನೆಯ ಜೊತೆಯೇ.

"ಪುರಿ ಉಂಡೆ ಕಟ್ಟಿದ್ದು ನೋಡಿಲ್ವೇನಪ್ಪ ಯಜಮಾನ?" ಅಂದಳಂತೆ. "ಪಾಕ ಪುರಿಗೆ ಅಂಟಿರ್ತೈತೆ, ಸಂದಿ ಹಂಗೇ ಇರ್ತೈತೆ. ಒಗೆದ್ರೂ ಉಂಡೆ ಒಡೆಯಲ್ಲ."

ಊರವರು ಅಗೆಯಲು ಒಪ್ಪಿದರಂತೆ. ಬೇರೆ ದಾರಿಯೂ ಇರಲಿಲ್ಲವಲ್ಲ.

ಈಗ ಒಂದು ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಈ ಊರಲ್ಲಿ ಆಗಿನಿಂದಲೂ ಹಿಡಿಮರಳು ಎಂಬ ಪದ್ಧತಿಯಿದೆ. ಗುಡಿಯಾಗಲಿ, ಕೆರೆಯ ತೂಬಾಗಲಿ, ಊರಿಗೆಲ್ಲ ಸೇರಿದ್ದು ಏನೇ ಕಟ್ಟಿದರೂ ಮನೆಗೊಂದು ಹಿಡಿ ಹೊಳೆಮರಳು ತಂದು ಗಾರೆಗೆ ಹಾಕಬೇಕು. ಹಾಕಿದ ಮನೆ ಊರಿನ ಮನೆ. ಯಾರದಾದರೂ ಮರಳನ್ನು ಬೇಡ ಎಂದರೆ ನಿನ್ನ ಮನೆಯಲ್ಲಿ ನೀರು ಮುಟ್ಟುವುದಿಲ್ಲ ಎಂದ ಹಾಗೆ.

ಅವತ್ತೂ ಎಲ್ಲರೂ ಮರಳು ತಂದರು. ಬಾವಿಯ ಕೆಲಸ, ಕೂಸುಗಳ ಜೀವದ ಕೆಲಸ, ಹಿಡಿಯಷ್ಟು ಸಾಲದು ಎಂದು ಒಬ್ಬಳು ಮೊರದ ತುಂಬ ತಂದಳಂತೆ. ಅವಳನ್ನು ನೋಡಿ ಪಕ್ಕದ ಮನೆಯವಳು ಬುಟ್ಟಿಯ ತುಂಬ ತಂದಳಂತೆ. ಎಲ್ಲವೂ ಗಾರೆಗೆ ಬಿತ್ತು. ಕೆಂಚಕ್ಕನೂ ಬೇಡವೆನ್ನಲಿಲ್ಲ, ಅವಳೂ ಈ ಊರಿನವಳೇ ತಾನೇ. ಗಂಡಸರು ಹುಮ್ಮಸ್ಸಿನಲ್ಲಿ ದಿಮ್ಮಿಸುವ ಕೊರಡು ಹಿಡಿದು ಬಡಿದದ್ದೇ ಬಡಿದದ್ದು. ಬಾವಿಯಿಂದ ಆಚೆಗಿನ ಒಂದು ಮೂಲೆಯಷ್ಟು ಹಾಸು ಮುಗಿಯಿತು. ಅದು ಬಲಿತ ಮೇಲೆ ಪಾಲಯ್ಯ ಅದರ ಮೇಲೆ ಕುಣಿದಾಡಿದನಂತೆ. ಬಂಡೆಯಷ್ಟು ಗಟ್ಟಿ. ಕೆಂಚಕ್ಕ ಕೊಡ ತಂದು ನೀರು ಸುರಿದಳು. ನೀರು ಅಲ್ಲೇ ನಿಂತಿತು. ಎಲ್ಲರೂ ಬಗ್ಗಿ ನೋಡಿದರು. ನೀರು ನಿಂತೇ ಇತ್ತು. ಕೊನೆಗೆ ಒಂದು ಕರು ಬಂದು ಅದನ್ನು ಕುಡಿದುಕೊಂಡು ಹೋಯಿತಂತೆ. ನೆಲ ಕುಡಿಯುತ್ತದೆ ಅಂತ ನೀನು ಅಂದಿದ್ದೆ, ಕರು ಕುಡಿಯಿತಲ್ಲ ಎಂದು ಯಾರೋ ನಕ್ಕರಂತೆ. ಹಾಗೆ ನಕ್ಕವನ ಮನೆಗೆ ಕೆಂಚಕ್ಕ ಆಮೇಲೆ ಜನ್ಮದಲ್ಲಿ ಸುಣ್ಣ ಬಳಿಯಲಿಲ್ಲ ಎಂದೂ ಹೇಳುತ್ತಾರೆ.

ಅವಳು ಆ ಮೂಲೆಯನ್ನು ಹಾರೆಯಿಂದ ಒಡೆದು ನೋಡಿದಳು. ಸಂದಿಗಳೆಲ್ಲ ಮರಳಿನಿಂದ ಮುಚ್ಚಿದ್ದವು. ಊರಿನ ಪ್ರೀತಿಯೇ ಬಂದು ಗಂಟಲಿಗೆ ಅಡ್ಡ ನಿಂತ ಹಾಗೆ.

ಅವತ್ತಿನಿಂದ ಅವಳ ಜಗಲಿಯ ಮೇಲೆ ಉಂಡೆಗಳ ಸಾಲು ಶುರುವಾಯಿತಂತೆ. ಜಲ್ಲಿಗೆ ಗಾರೆ ಕಲಸಿ ಉಂಡೆ ಕಟ್ಟುವುದು, ಒಣಗದ ಹಾಗೆ ಒದ್ದೆ ಗೋಣಿ ಹೊದಿಸುವುದು, ಬಲಿತ ಮೇಲೆ ನೀರು ಹೊಯ್ಯುವುದು, ಕಲ್ಲಿನಿಂದ ಕುಟ್ಟುವುದು. ದಪ್ಪ ಜಲ್ಲಿಯ ಉಂಡೆ ನೀರು ಬಿಟ್ಟಿತು, ಕುಟ್ಟಿದರೆ ಉದುರಿತು. ಸಣ್ಣದು ದೊಡ್ಡದು ಬೆರೆತ ಜಲ್ಲಿಯಲ್ಲಿ ಸಣ್ಣದು ಹೋಗಿ ದೊಡ್ಡದರ ಸಂದಿಯಲ್ಲಿ ಕೂತಿತು. ಆಗ ಎರಡು ಜರಡಿ ಹಿಡಿದು, ಒಂದರಲ್ಲಿ ದಪ್ಪಗಿನದನ್ನು ತಡೆದು, ಇನ್ನೊಂದರಲ್ಲಿ ಪುಡಿಯನ್ನು ಬಿಟ್ಟು, ನಡುವೆ ಉಳಿದ ಹುಣಸೆಬೀಜದಷ್ಟು ದಪ್ಪದ ಜಲ್ಲಿಯನ್ನು ಮಾತ್ರ ಇಟ್ಟುಕೊಂಡಳಂತೆ. ಆಮೇಲೆ ನೀರಿನ ಕಾಟ. ಕಲಸಲು ಹಗುರವಾಗಲಿ ಎಂದು ಕೆಲಸದವರು ನೀರು ಹೆಚ್ಚಿಗೆ ಹಾಕಿದರೆ ಗಾರೆ ಕಲ್ಲನ್ನು ಬಿಟ್ಟು ತಳಕ್ಕೆ ಇಳಿದು, ತಳವೇ ಮುಚ್ಚಿಹೋಗುತ್ತಿತ್ತು. ಕಡಿಮೆ ಹಾಕಿದರೆ ಕಲ್ಲಿಗೆ ಗಾರೆ ಹಿಡಿಯುತ್ತಲೇ ಇರಲಿಲ್ಲ. ಹಿಡಿಯಲ್ಲಿ ಒತ್ತಿದರೆ ಉಂಡೆ ನಿಲ್ಲಬೇಕು, ಅಂಗೈ ಮಾತ್ರ ಒದ್ದೆಯಾಗಬಾರದು. ಅಲ್ಲಿಗೆ ನೀರು ಸರಿ ಎಂದು ಗೊತ್ತು ಮಾಡಿಕೊಂಡಳಂತೆ. ಅಳಲೆಕಾಯಿ ನೆನೆಸಿದ ನೀರು, ಬೆಲ್ಲದ ನೀರು, ಸುಟ್ಟ ಇಟ್ಟಿಗೆಯ ಪುಡಿ, ಅವಳ ಕೈಯಲ್ಲಿ ಹಾದುಹೋಗದ್ದು ಯಾವುದೂ ಇಲ್ಲ. ಬೆಲ್ಲ ಹೆಚ್ಚಾದ ಉಂಡೆಗೆ ಇರುವೆ ಮುತ್ತಿಕೊಂಡವಂತೆ, ಬೋರಮ್ಮ ಆ ಬೇಸಗೆಯಲ್ಲಿ ನಕ್ಕದ್ದು ಅದೊಂದೇ ಸಲವಂತೆ.

ಎರಡನೆಯ ಸಲ ಹಾಸು ಹಾಕುವಾಗ ಕೆಂಚಕ್ಕ ಮರಳೇ ಬೇಡ ಎಂದುಬಿಟ್ಟಳು. ಒಂದು ಹರಳೂ ಬೇಡ. ಊರು ಕುದಿಯಿತು. ಜನ ಅವಳ ಮನೆಯ ಮುಂದೆ ಬಂದು ಬಾಯಿಗೆ ಬಂದಂತೆ ಅಂದರು. ಅವಳೂ ಬಿಡಲಿಲ್ಲ, ನಿಮ್ಮ ಮರಳು ಬೇಕೋ ನಿಮ್ಮ ಕೂಸು ಬೇಕೋ ಎಂದಳಂತೆ. ಜನ ಒಬ್ಬೊಬ್ಬರಾಗಿ ಮನೆಗೆ ಹೊರಟರು.

ಸಿದ್ದಜ್ಜಿ ಎಂಬ ಒಬ್ಬ ಮುದುಕಿ ಮಾತ್ರ ಹೋಗದೆ ಅಲ್ಲೇ ನಿಂತಿದ್ದಳಂತೆ. ಅವಳಿಗೆ ಹಿಂದೆ ಮುಂದೆ ಯಾರೂ ಇಲ್ಲ. ಅವಳೂ ಒಂದು ಕಾಲದಲ್ಲಿ ಈ ಬಾವಿಯ ನೀರಿಗೆ ಕೂಸುಗಳನ್ನು ಕಳೆದುಕೊಂಡವಳೇ. ಗುಡ್ಡ ದಾಟಿ ಹೊಳೆಗೆ ಹೋಗಿ, ಸೆರಗಿನ ತುದಿಯಲ್ಲಿ ಒಂದು ಹಿಡಿ ಮರಳು ಕಟ್ಟಿಕೊಂಡು ಬಂದಿದ್ದಳು. "ಗುಡೀಲಿ ನನ್ನ ಹಿಡಿ ಐತೆ, ತೂಬಿನಾಗೆ ಐತೆ. ನಾನು ಸತ್ರೆ ಈ ಊರಾಗಿದ್ದೆ ಅನ್ನೋಕೆ ಅದೇ ಕಣೇ ಇರೋದು," ಅಂದಳಂತೆ. ಕೆಂಚಕ್ಕ ಬೇರೆ ಕಡೆ ನೋಡುತ್ತಾ, ಹೋಗಜ್ಜಿ ಎಂದಳಂತೆ.

ಹಾಸು ಹಾಕಿದ್ದಾಯಿತು. ಈ ಸಲ ಬಡಿಯಲು ಯಾರನ್ನೂ ಬಿಡಲಿಲ್ಲ, ರೊಟ್ಟಿ ತಟ್ಟುವ ಹಾಗೆ ತಟ್ಟಿಸಿದಳು. ಬಲಿತ ಮೇಲೆ ಕೊಡದ ನೀರು ಸುರಿದಳು. ಸುರಿದ ನೀರು ಸರ್ರನೆ ಒಳಗೆ ಹೋಯಿತು. ಜನ ಕೂಗಿದರು, ಕೇಕೆ ಹಾಕಿದರು. ಆಗ ಪಾಲಯ್ಯ ಕಲ್ಲು ತುಂಬಿದ ಗಾಡಿಯನ್ನು ಅದರ ಮೇಲೆ ಹತ್ತಿಸಿದನು. ಚಕ್ರ ಹೋದಲ್ಲೆಲ್ಲ ಕರಕರ ಎಂದಿತು. ಗಾಡಿ ದಾಟುವಷ್ಟರಲ್ಲಿ ಹಾಸು ಪುಡಿ ಪುಡಿಯಾಗಿ ಎರಡು ಗಾಡಿಜಾಡು ಬಿದ್ದಿದ್ದವು. ಕೇಕೆ ನಿಂತಿತು. ಪಾಲಯ್ಯನಿಗೂ ಅದರಲ್ಲಿ ಸಂತೋಷವೇನಿರಲಿಲ್ಲವಂತೆ, ಎತ್ತಿನ ಕೊರಳು ಸವರುತ್ತಾ ತಲೆ ತಗ್ಗಿಸಿ ನಿಂತನಂತೆ. ಬೋರಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಮನೆಗೆ ಹೋದಳಂತೆ.

ಎಲ್ಲರೂ ಹೋದ ಮೇಲೆ ಕೆಂಚಕ್ಕ ಆ ಗಾಡಿಜಾಡಿನ ಪಕ್ಕದಲ್ಲಿ ಕೂತಳು. ಪುಡಿಯಾದ ಕಲ್ಲನ್ನು ಕೈಯಲ್ಲಿ ಆಡಿಸುತ್ತಾ ಹೋದಳು. ಹಾಗೆ ನೋಡುತ್ತಾ ಹೋದರೆ, ಅಂಚಿನ ಹತ್ತಿರ ಒಂದು ಕಡೆ, ಮೊರದಗಲದ ಜಾಗ, ಚಕ್ರ ಅದರ ಮೇಲೇ ಹೋಗಿದೆ, ಒಡೆದಿಲ್ಲ. ಕಲ್ಲಿನಿಂದ ಕುಟ್ಟಿದಳು. ಒಡೆಯಲಿಲ್ಲ. ಸರಿ, ಇಲ್ಲಿ ಸಂದಿ ಮುಚ್ಚಿರಬೇಕು ಎಂದುಕೊಂಡು ನೀರು ಸುರಿದಳು. ಒಂದಿಷ್ಟು ನಿಧಾನವಾಗಿಯೇ, ಆದರೆ ಪೂರ್ತಿಯಾಗಿ, ನೀರು ಒಳಗಿಳಿಯಿತು. ಕೆಂಚಕ್ಕ ಎದ್ದು ನಿಂತು ಊರಿಗೆಲ್ಲ ಕೇಳುವ ಹಾಗೆ ಕೂಗಿದಳಂತೆ.

"ಇದಕ್ಕೆ ಕೈ ಹಾಕಿದೋರು ಯಾರ್ರೀ?"

ಜನ ಹೆದರಿ ಹೊರಗೆ ಬಂದರು. ನಾನಲ್ಲ, ನಾನಲ್ಲ ಎಂದು ಒಬ್ಬೊಬ್ಬರೂ ಹಿಂದೆ ಸರಿದರು. ಕೊನೆಗೆ ಉಳಿದವಳು ಸಿದ್ದಜ್ಜಿ. ಕಲಸುವಾಗ ಯಾರೂ ನೋಡದ ಹೊತ್ತಿನಲ್ಲಿ ಒಂದು ಬಾಣಲೆಗೆ ತನ್ನ ಹಿಡಿ ಮರಳನ್ನು ಹಾಕಿಬಿಟ್ಟಿದ್ದಳು. ತನ್ನಿಂದಲೇ ನೆಲ ಕೆಟ್ಟಿತು ಎಂದು ಮುದುಕಿ ಕೈ ಮುಗಿದು ನಿಂತಳಂತೆ. ಕೆಂಚಕ್ಕ ಹೋಗಿ ಅವಳ ಎರಡೂ ಕೈ ಹಿಡಿದುಕೊಂಡು, ಆ ಕೈಗಳನ್ನು ಕಣ್ಣಿಗೆ ಒತ್ತಿಕೊಂಡಳಂತೆ. ಕೆಂಚಕ್ಕ ಯಾರಿಗೂ ಬಗ್ಗಿದ್ದನ್ನು ಊರು ಅಲ್ಲಿಯವರೆಗೆ ನೋಡಿರಲಿಲ್ಲ.

ಅವಳಿಗೆ ಆಗ ತಿಳಿಯಿತು. ಮರಳು ಪೂರ್ತಿ ಇಲ್ಲದಿದ್ದರೆ ಕಲ್ಲಿಗೂ ಕಲ್ಲಿಗೂ ನಡುವಿನ ಗಾರೆಗೆ ಮೈಯಿಲ್ಲ. ಹೆಚ್ಚಾದರೆ ನೀರಿಗೆ ದಾರಿಯಿಲ್ಲ. ಬೇಕಾದದ್ದು ಚೂರು ಮರಳು. ಒಂದು ಬಾಣಲೆಗೆ ಒಂದು ಮುದುಕಿಯ ಹಿಡಿಯಷ್ಟು.

ಆದರೆ ಯಾರ ಹಿಡಿ? ಈ ಹಾಸಿನ ಗಾರೆಗೆ ಬೇಕಾದ ಮರಳನ್ನು ಅರ್ಧ ಊರೇ ಕೊಟ್ಟು ಮುಗಿಸಬಹುದಿತ್ತು. ಉಳಿದರ್ಧದ ಗತಿಯೇನು? ಪಾಲಯ್ಯ ಆಗಲೇ ತನ್ನದು ಮೊದಲ ಹಿಡಿ ಎಂದು ಮೀಸೆ ಮುಟ್ಟಿಕೊಂಡಿದ್ದನಂತೆ. ಕೆಂಚಕ್ಕ ಎಲ್ಲ ಮನೆಯವರಿಗೂ ಒಂದೊಂದು ಹಿಡಿ ತರಲು ಹೇಳಿದಳು. ಮೊರ ಬೇಡ, ಬುಟ್ಟಿ ಬೇಡ, ಹಿಡಿ. ಎಲ್ಲವನ್ನೂ ಈ ಬೇವಿನ ಅಜ್ಜಿಮರದ ಬುಡದಲ್ಲಿ ಒಂದೇ ರಾಶಿ ಮಾಡಿಸಿದಳು. ಆಮೇಲೆ ಎಲ್ಲ ಮನೆಯ ಹೆಂಗಸರನ್ನೂ ರಾಶಿಯ ಸುತ್ತ ಕೂರಿಸಿ, ಕೈಯಾಡಿಸಿ ಎಂದಳಂತೆ. ಅವರು ಮರಳನ್ನು ತಿರುವಿ ತಿರುವಿ ಬೆರೆಸಿದರು. ಬೆರೆಸುತ್ತಾ ಬೆರೆಸುತ್ತಾ ಹಾಡು ಶುರುವಾಯಿತಂತೆ, ಮಾತು ಬಿಟ್ಟಿದ್ದ ಓರಗಿತ್ತಿಯರ ಕೈ ಆ ಮರಳಿನೊಳಗೆ ತಗಲಿ ಅವರೂ ಮಾತಾಡಿದರಂತೆ. ಕೊನೆಗೆ ಕೆಂಚಕ್ಕ ರಾಶಿಯಿಂದ ತನಗೆ ಬೇಕಾದಷ್ಟನ್ನು ಮಾತ್ರ ಅಳೆದು ತೆಗೆದುಕೊಂಡಳು. ತನ್ನ ಮನೆಯ ಮರಳು ಅದರಲ್ಲಿ ಬಂದಿದೆಯೋ ಇಲ್ಲವೋ ಎಂದು ಪಾಲಯ್ಯ ಕೇಳಿದನಂತೆ. "ನಿಂದು ಯಾವ್ದು ಅಂತ ಆರಿಸಿ ತೋರ್ಸಪ್ಪ ಯಜಮಾನ, ಅದನ್ನೇ ಹಾಕ್ತೀನಿ," ಅಂದಳಂತೆ ಕೆಂಚಕ್ಕ. ಪಾಲಯ್ಯ ರಾಶಿಯನ್ನು ನೋಡಿದ, ಮೀಸೆ ಬಿಟ್ಟ, ಅವನಿಗೇ ನಗು ಬಂತಂತೆ.

ಮೂರನೆಯ ಹಾಸು, ಬಾವಿಯ ಸುತ್ತನ್ನು ಬಿಟ್ಟು, ಬಯಲಿನ ಉದ್ದಗಲಕ್ಕೂ ಬಿತ್ತು. ಮೇಲೆ ರಾಗಿಹುಲ್ಲು ಹೊದಿಸಿ, ಹೊತ್ತು ಹೊತ್ತಿಗೆ ನೀರು ಚಿಮುಕಿಸಿ, ಬಾಣಂತಿಯನ್ನು ನೋಡಿಕೊಂಡ ಹಾಗೆ ನೋಡಿಕೊಂಡರಂತೆ. ದನಗಳನ್ನು ಊರ ಸುತ್ತು ಹಾಕಿಸಿ ಕರೆದೊಯ್ದರು. ಗಾರೆಗೆ ಆತುರವಿಲ್ಲ, ಅದು ಬಲಿಯುವುದು ನಿಧಾನ. ಮೋಡಕ್ಕೆ ಮಾತ್ರ ಆತುರ. ದಿನವೂ ಮಧ್ಯಾಹ್ನ ಮೋಡ ಕಟ್ಟುವುದು, ಊರೆಲ್ಲ ತಲೆಯೆತ್ತಿ ನೋಡುವುದು, ಇನ್ನೂ ನಾಲ್ಕು ದಿನ ತಡಿಯಪ್ಪ ಎನ್ನುವುದು. ಮಳೆ ಬೇಡ ಎಂದು ಬೇಡಿಕೊಂಡ ಬಯಲುಸೀಮೆಯ ಊರು ಅದೊಂದೇ ಇರಬೇಕು. ಕೆಂಚಕ್ಕ ಕೋಪದಿಂದ ಮೋಡವನ್ನು ದುರುಗುಟ್ಟಿ ನೋಡಿದ್ದಕ್ಕೆ ಅದು ಹೆದರಿ ಗುಡ್ಡದಾಚೆಗೇ ನಿಂತಿತು ಎಂದು ಹೇಳುತ್ತಾರೆ.

ಆಮೇಲೆ ಒಂದು ಸಂಜೆ, ದನ ಮನೆಗೆ ಬರುವ ಹೊತ್ತಿಗೆ, ಮಳೆ ಬಂತು. ತುಂತುರಲ್ಲ, ಸುರಿಯುವ ಮಳೆ. ಊರೆಲ್ಲ ಜಗಲಿಗಳ ಮೇಲೆ ನಿಂತಿತ್ತಂತೆ. ಏರಿನಿಂದ ಕಂದು ನೀರು ಪ್ರತಿ ವರ್ಷದ ಹಾಗೆ ನೊರೆ ಕಾರುತ್ತಾ ಇಳಿದು ಬಂತು. ಹಾಸಿನ ಅಂಚಿಗೆ ಬಂತು. ಅಂಚು ದಾಟಿತು. ಅಯ್ಯೋ ಎಂದರಂತೆ ಯಾರೋ. ಬೋರಮ್ಮ ಬಾವಿಯ ಹತ್ತಿರ ನೆನೆಯುತ್ತಾ ನಿಂತಿದ್ದಳು, ಎಷ್ಟು ಕರೆದರೂ ಒಳಗೆ ಬರಲಿಲ್ಲ. ನೀರು ಅವಳ ಕಡೆಗೇ ಬರುತ್ತಿತ್ತು. ಬರುತ್ತಾ ಬರುತ್ತಾ ತೆಳುವಾಯಿತು. ಇನ್ನೂ ತೆಳುವಾಯಿತು. ನಡುಬಯಲಿಗೆ ಬರುವಷ್ಟರಲ್ಲಿ ನೀರೇ ಇಲ್ಲ, ಅದು ಹೊತ್ತು ತಂದಿದ್ದ ಕಸಕಡ್ಡಿ ಮಾತ್ರ ಹಾಸಿನ ಮೇಲೆ ಗೆರೆ ಎಳೆದ ಹಾಗೆ ಕೂತಿತ್ತು. ಹಿಂದಿನಿಂದ ಮತ್ತಷ್ಟು ನೀರು ಬಂತು. ಅದೂ ಇಳಿಯಿತು. ನೆಲದೊಳಗಿಂದ ಗುಟುಕು ಗುಟುಕಾಗಿ ಸದ್ದು ಬರುತ್ತಿತ್ತಂತೆ, ಬಿಸಿಲಲ್ಲಿ ಬಂದ ದನ ತೊಟ್ಟಿಗೆ ಬಾಯಿಟ್ಟ ಹಾಗೆ.

ಯಾರೂ ಮಾತಾಡಲಿಲ್ಲವಂತೆ. ಮಳೆ ಹೊಳವಾದ ಮೇಲೆ ಪಾಲಯ್ಯನೇ ಹೋಗಿ ಬಾವಿಗೆ ಹಗ್ಗ ಬಿಟ್ಟು ನೀರು ಸೇದಿ, ಬಿಂದಿಗೆಯನ್ನು ಬೆಳಕಿಗೆ ಬಗ್ಗಿಸಿ ನೋಡಿದನಂತೆ. ನಿನ್ನೆ ಹೇಗಿತ್ತೋ ಹಾಗೇ ಇತ್ತು, ತಿಳಿಯಾಗಿ. ಅವನು ಅದನ್ನು ಕೆಂಚಕ್ಕನ ಕೈಗೆ ಕೊಟ್ಟನಂತೆ. ಅವಳು ಕುಡಿಯಲಿಲ್ಲ. ಒದ್ದೆ ಹಾಸಿನ ಮೇಲೆ ಕಾಲು ಚಾಚಿ ಕೂತುಬಿಟ್ಟಳು. ಅಷ್ಟು ಜೋರು ಬಾಯಿಯ ಹೆಂಗಸಿನ ಬಾಯಿಂದ ಹೊರಟದ್ದು ಒಂದೇ ಮಾತಂತೆ.

"ಕುಡೀತು."

ಅಷ್ಟೇ. ಆಮೇಲೆ ಅತ್ತಳು. ಬೋರಮ್ಮ ಬಂದು ಪಕ್ಕದಲ್ಲಿ ಕೂತಳು, ಅವಳೂ ಅತ್ತಳು. ಜಗಲಿಗಳಿಂದ ಜನ ಇಳಿದು ಬಂದರು, ಒಬ್ಬರಿಗೊಬ್ಬರು ಅದೇ ಮಾತು ಹೇಳಿಕೊಂಡರು, ಕುಡೀತು, ಕುಡೀತು. ಎಷ್ಟೋ ವರ್ಷಗಳಿಂದ ಬಿಗಿಹಿಡಿದುಕೊಂಡಿದ್ದ ಉಸಿರನ್ನು ಊರು ಅವತ್ತು ಬಿಟ್ಟಿತಂತೆ. ಮಾರನೆಯ ದಿನ ಪಾಲಯ್ಯ ಅದೇ ಕಲ್ಲುಗಾಡಿಯನ್ನು ಹಾಸಿನ ಮೇಲೆ ಹೊಡೆದನಂತೆ, ಹೋಗುತ್ತಾ ಒಂದು ಸಲ, ಬರುತ್ತಾ ಒಂದು ಸಲ. ಒಂದು ಹರಳೂ ಕಿತ್ತುಬರಲಿಲ್ಲ.

ಆ ವಾರ ಕಳೆಯಿತು, ಮುಂದಿನ ವಾರ ಕಳೆಯಿತು, ಯಾರ ಮನೆಯಲ್ಲೂ ವಾಂತಿಭೇದಿ ಇಲ್ಲ. ಮಳೆಯ ನಡುವೆಯೇ ಬೋರಮ್ಮ ಹೆತ್ತಳು, ಹೆಣ್ಣುಕೂಸು. ಮಳೆಗಾಲ ಪೂರ್ತಿ ಕಳೆಯುವವರೆಗೂ ಅವಳು ಹೆಸರಿಡಲು ಬಿಡಲಿಲ್ಲ. ಅವಳಿಗೆ ಅಷ್ಟು ಭಯ. ಕೂಸು ಮಾತ್ರ ಅದ್ಯಾವುದರ ಪರಿವೆಯಿಲ್ಲದೆ ಗುಂಡಗಾಯಿತು. ಚಳಿ ಶುರುವಾದ ಮೇಲೆ ಒಂದು ಬೆಳಿಗ್ಗೆ ಕೆಂಚಕ್ಕ ಕೂಸನ್ನು ಎತ್ತಿಕೊಂಡು ಹೋಗಿ ಸಿದ್ದಜ್ಜಿಯ ಮಡಿಲಲ್ಲಿ ಹಾಕಿ, ನಿನ್ನ ಹೆಸರು ಕೊಡಜ್ಜಿ ಎಂದಳಂತೆ. ಹಿಂದೆ ಮುಂದೆ ಯಾರೂ ಇಲ್ಲದ ಮುದುಕಿ ಕೂಸಿನ ಕಿವಿಯಲ್ಲಿ ತನ್ನ ಹೆಸರನ್ನು ತಾನೇ ಹೇಳಿದಳಂತೆ.

ಇದಾದ ಮೇಲೆ ಕೆಂಚಕ್ಕನ ಕತೆ ಬೆಳೆಯುತ್ತಾ ಹೋಯಿತು. ಅವಳು ಕೆರೆಗೆ ಬೈದರೆ ಕೆರೆ ಇಂಗುತ್ತಿತ್ತಂತೆ, ಯಾವುದೋ ರಾಜ ಅವಳನ್ನು ಕರೆಸಿಕೊಂಡು ಕೋಟೆ ಕಟ್ಟಿಸಿದನಂತೆ, ಅವಳು ಸತ್ತಾಗ ಆಕಾಶದಿಂದ ಸುಣ್ಣ ಉದುರಿತಂತೆ. ಹೇಳುವವರು ಹೇಳಲಿ. ನನಗೆ ಗೊತ್ತಿರುವುದು ಇಷ್ಟು. ಅವಳು ಮುದುಕಿಯಾಗುವವರೆಗೂ ಪ್ರತಿ ಬೇಸಗೆಯಲ್ಲಿ ಈ ಹಾಸನ್ನು ಗುಡಿಸಿ, ಸಂದಿಯ ಧೂಳು ತೊಳೆದು, ಸವೆದಲ್ಲಿ ತೇಪೆ ಹಾಕಿದಳು.

ಅದಕ್ಕೇ ನಾವು ಇವತ್ತಿಗೂ ಈ ಹಾಸಿನ ಮೇಲೆ ಕಾಲಿಡುವ ಮುಂಚೆ ಕಾಲು ಒದರುವುದು. ಅದಕ್ಕೇ ಮರಳಿನ ಗಾಡಿ ಊರು ಸುತ್ತಿಕೊಂಡು ಹೋಗುವುದು. ಇವತ್ತಿಗೂ ಮಳೆಗೆ ಮುಂಚೆ ಮನೆಗೊಂದು ಹಿಡಿಯಂತೆ ಮರಳು ತಂದು ಈ ಬೇವಿನ ಬುಡದಲ್ಲಿ ರಾಶಿ ಹಾಕುತ್ತೇವೆ, ಎಲ್ಲರೂ ಕೈಯಾಡಿಸುತ್ತೇವೆ, ತೇಪೆಗೆ ಬೇಕಾದಷ್ಟನ್ನು ಮಾತ್ರ ತೆಗೆದುಕೊಳ್ಳುತ್ತೇವೆ. ಸಿದ್ದಜ್ಜಿಯ ಹೆಸರಿನ ಹಿಡಿಯನ್ನು ನಮ್ಮ ಮನೆಯವರು ಹಾಕುತ್ತೇವೆ. ನಮ್ಮ ಮನೆಯಲ್ಲಿ ತಲೆಮಾರಿಗೆ ಒಬ್ಬಳಾದರೂ ಸಿದ್ದಮ್ಮ ಇರುತ್ತಾಳೆ. ನನ್ನ ಹೆಸರು ಏನೆಂದು ನಿಮಗೆ ಗೊತ್ತೇ ಇದೆಯಲ್ಲ.

ಇನ್ನು ಯಾರ ಮನೆಯಲ್ಲಿ ಕೂಸು ಹುಟ್ಟಿದರೂ, ಅದರ ಮೊದಲ ಸ್ನಾನದ ನೀರನ್ನು ತಂದು ಈ ಹಾಸಿನ ಮೇಲೆ ಸುರಿಯುತ್ತೇವೆ. ಊರೆಲ್ಲ ಸುತ್ತ ನಿಂತು ನೋಡುತ್ತದೆ. ನೀರು ಪೂರ್ತಿ ಇಳಿಯುವವರೆಗೆ ಯಾರೂ ಮಾತಾಡುವ ಹಾಗಿಲ್ಲ, ಬಾಣಂತಿಯೂ ಮಾತಾಡುವ ಹಾಗಿಲ್ಲ. ಇಳಿದ ಮೇಲೆ ಕೂಸಿನ ಅಜ್ಜಿ ಬಗ್ಗಿ, ಅಂಗೈಯಿಂದ ನೆಲ ಮುಟ್ಟಿ ನೋಡಿ, ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ ಕುಡೀತು ಎನ್ನುತ್ತಾಳೆ. ಆಮೇಲೆಯೇ ಕೂಸಿಗೆ ಹೆಸರು.